ಪದಪಟ್ಟಿಯಿಂದ ಓದಿನ ಕಡೆಗೆ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯನ್ನು ನಿಜವಾಗಿ ಕಾಡುವುದು 'ಫೋಟೊಸಿಂಥೆಸಿಸ್' ಅಲ್ಲ. ಅದನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ಚಿತ್ರ ಹಾಕಿ ವಿವರಿಸುತ್ತಾರೆ. ಕಾಡುವುದು ಅದರ ಅಕ್ಕಪಕ್ಕ ನಿಂತ ಪದಗಳು: 'ಅಸ್ಯೂಮ್', 'ಡಿರೈವ್', 'ವೇರಿ', 'ಕನ್ಸಿಸ್ಟ್'. ಇವು ಎಲ್ಲ ಪಾಠಗಳಲ್ಲೂ ಬರುತ್ತವೆ, ಯಾವ ಪಾಠದಲ್ಲೂ ಯಾರೂ ಬಿಡಿಸಿ ಹೇಳುವುದಿಲ್ಲ. ಮನೆಯ ಮಾತಿನ ಇಂಗ್ಲಿಷಿಗೂ ಶಾಸ್ತ್ರದ ಇಂಗ್ಲಿಷಿಗೂ ನಡುವೆ ಇರುವ ಈ ಪದಗಳನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಓಡಾಡುವ ಉತ್ತರಗಳನ್ನು ಒಮ್ಮೆ ತೂಗಿ ನೋಡಬೇಕಿದೆ.

ಈ ನಡುವಿನ ಪದಗಳನ್ನು ಗುರುತಿಸಿ ಲೆಕ್ಕ ಹಾಕಿಕೊಟ್ಟ ಕೆಲಸಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 'ಅಕಾಡೆಮಿಕ್ ವರ್ಡ್ ಲಿಸ್ಟ್'. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ 28 ವಿಷಯಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಕಲೆಹಾಕಿ, ಎಲ್ಲೆಡೆ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಅವರು ಆರಿಸಿದರು. ಆ ಬರಹದ ಶೇಕಡಾ 10ರಷ್ಟು ಈ ಪದಗಳಿಂದಲೇ ಆಗಿತ್ತು. ಕಾದಂಬರಿಗಳಲ್ಲಿ ಇವುಗಳ ಪಾಲು ಶೇಕಡಾ 1.4 ಮಾತ್ರ. ಕಥೆ ಕಾದಂಬರಿ ಓದಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂಬ ಹಳೆಯ ಸಲಹೆಗೆ ಮಿತಿ ಎಲ್ಲಿದೆ ಎಂದು ಈ ಎರಡು ಅಂಕಿಗಳು ತೋರಿಸಿಕೊಡುತ್ತವೆ. ಪಟ್ಟಿಯ ದೊಡ್ಡ ಬೆಲೆ ಇದೇ.

ಆದರೆ ಪಟ್ಟಿಯೊಳಗೆ ಇಣುಕಿದರೆ ತೊಡಕು ಕಾಣುತ್ತದೆ. 'ಕಾನ್ಸ್ಟಿಟ್ಯೂಟ್' ಎಂಬ ಒಂದು ಕುಟುಂಬವನ್ನೇ ನೋಡಿ. ರಾಸಾಯನಿಕದ ಘಟಕವಾದ 'ಕಾನ್ಸ್ಟಿಟ್ಯುಯೆಂಟ್', ಮತಕ್ಷೇತ್ರವಾದ 'ಕಾನ್ಸ್ಟಿಟ್ಯುಯೆನ್ಸಿ', ಸಂವಿಧಾನ, ಅಸಾಂವಿಧಾನಿಕ ಎಲ್ಲವೂ ಅದೇ ಲೆಕ್ಕದಲ್ಲಿ ಒಂದು. ಮೂಲ ಪದ ಗೊತ್ತಿದ್ದ ಮಾತ್ರಕ್ಕೆ ಉಳಿದವು ಗೊತ್ತಾಗುತ್ತವೆಂದು ನಂಬುವುದು ಕಷ್ಟ. 2007ರಲ್ಲಿ ಕೆನ್ ಹೈಲ್ಯಾಂಡ್ ಮತ್ತು ಪಾಲಿ ತ್ಸೆ ಇನ್ನೂ ಮುಂದೆ ಹೋಗಿ, ಒಂದೇ ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಬೇರೆ ಬೇರೆ ಅರ್ಥದಲ್ಲಿ, ಬೇರೆ ಜೊತೆಗಾರರೊಂದಿಗೆ ಬರುತ್ತದೆಂದು ತೋರಿಸಿದರು. ಹೀಗಿರುವಾಗ ಕೋಚಿಂಗ್ ತರಗತಿಗಳು ಇದೇ ಪಟ್ಟಿಯನ್ನು ಪಿಡಿಎಫ್ ಮಾಡಿ, ಪಕ್ಕದಲ್ಲೊಂದು ಅರ್ಥ ಬರೆದು ಉರು ಹೊಡೆಸುವುದು ಮಕ್ಕಳ ಸಮಯಕ್ಕೆ ಮಾಡುವ ಅನ್ಯಾಯ. ಯಾವ ಪದಕ್ಕೆ ಮೊದಲು ಗಮನ ಕೊಡಬೇಕೆಂದು ಪಟ್ಟಿ ಹೇಳಬಲ್ಲದು. ಆ ಪದವನ್ನು ವಾಕ್ಯದಲ್ಲಿ ನಡೆಸುವುದು ಹೇಗೆಂದು ಅದು ಹೇಳಲಾರದು.

ಇನ್ನೊಂದು ಉತ್ತರ ನಮ್ಮ ಪುಸ್ತಕದಂಗಡಿಗಳಲ್ಲಿ ಇಂದಿಗೂ ಮಾರಾಟವಾಗುವ ನಾರ್ಮನ್ ಲೂಯಿಸ್‌ರ 'ವರ್ಡ್ ಪವರ್ ಮೇಡ್ ಈಸಿ'. 1949ರ ಈ ಪುಸ್ತಕ ಗ್ರೀಕ್, ಲ್ಯಾಟಿನ್ ಬೇರುಗಳನ್ನು ಹಿಡಿದು ಪದಗಳನ್ನು ಬಿಡಿಸುತ್ತದೆ. ಆ ವಿವರಣೆಯ ಲವಲವಿಕೆ ಈಗಲೂ ಮಾಸಿಲ್ಲ. ಅದರ ಮೊದಲ ಗುಂಪಿನಲ್ಲೇ 'ಮಿಸಾಂತ್ರೋಪ್', 'ಮಿಸಾಜಿನಿಸ್ಟ್', 'ಮಿಸಾಗಮಿಸ್ಟ್' ಮೂರೂ ಒಟ್ಟಿಗೆ ಬರುತ್ತವೆ: ಮನುಷ್ಯದ್ವೇಷಿ, ಸ್ತ್ರೀದ್ವೇಷಿ, ವಿವಾಹದ್ವೇಷಿ. ಓದುವಾಗ ಸೊಗಸು, ವಾರ ಕಳೆದ ಮೇಲೆ ಯಾವುದು ಯಾವುದೆಂದು ಕಲಸಿಹೋಗುತ್ತದೆ. ಅರ್ಥದಲ್ಲಿ ಹತ್ತಿರವಿರುವ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದನ್ನೊಂದು ಕೆಡಿಸುತ್ತವೆಂದೂ, ಒಂದೇ ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಬಗೆಯ ಪದಗಳು ಸುಲಭವಾಗಿ ನೆಲೆಗೊಳ್ಳುತ್ತವೆಂದೂ ಥಾಮಸ್ ಟಿಂಕಮ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ತೋರಿಸಿವೆ. ಮೇಲಾಗಿ, ಲೂಯಿಸ್ ಕಲಿಸುವ ಅಪರೂಪದ ಪದಗಳಲ್ಲಿ ಎಷ್ಟೋ ಪದಗಳು ಅರ್ಥಶಾಸ್ತ್ರದ ಅಥವಾ ಜೀವಶಾಸ್ತ್ರದ ಪಠ್ಯ ತೆರೆದಾಗ ಎದುರಾಗುವುದೇ ಇಲ್ಲ.

ಹಾಗಾಗಿ ವಿಷಯಕ್ಕೊಂದು ಪಾಠವಿಟ್ಟು, ಓದಿನ ಮೂಲಕ ಪದ ಕಲಿಸುವ ಪುಸ್ತಕಗಳು ಇವೆರಡಕ್ಕಿಂತ ಒಳ್ಳೆಯ ದಾರಿಯಲ್ಲಿವೆ ಎಂಬುದು ನನ್ನ ಅಭಿಪ್ರಾಯ. ಟೋಫೆಲ್ ಪರೀಕ್ಷೆಗೆಂದು ಬಂದ '400 ಮಸ್ಟ್-ಹ್ಯಾವ್ ವರ್ಡ್ಸ್' ಅಂಥದ್ದು. ಆಹಾರ ಬೆಳೆಗಳ ಪಾಠದಲ್ಲಿ ನೀರಾವರಿ, ಗೊಬ್ಬರದ ಪದಗಳ ಜೊತೆಗೇ 'ಅಡ್ವರ್ಸ್‌ಲಿ', 'ಅಬ್ಯಾಂಡನ್' ಥರದ ಸಾಮಾನ್ಯ ಶಾಸ್ತ್ರಪದಗಳೂ ಸೇರಿಕೊಂಡಿವೆ. ಕಟ್ಟಿದ ರೀತಿ ಸರಿಯಾಗಿದೆ. ಕೊರತೆ ಇರುವುದು ಅವಸರದಲ್ಲಿ. ಒಂದು ಚಿಕ್ಕ ಗದ್ಯಭಾಗಕ್ಕೆ ಹತ್ತು ಪದಗಳನ್ನು ತುರುಕಿ, ಕೆಲವು ಪ್ರಶ್ನೆ ಕೇಳಿ, ಮರುಪಾಠದಲ್ಲೇ ವಿಷಯ ಬದಲಾಯಿಸುತ್ತಾರೆ. ಪದ ಮೈಗೂಡಬೇಕಾದರೆ ಅದು ಬೇರೆ ಬೇರೆ ವಾಕ್ಯಗಳಲ್ಲಿ, ಬೇರೆಯವರ ಬರವಣಿಗೆಯಲ್ಲಿ, ಕೆಲವು ದಿನಗಳ ಅಂತರದಲ್ಲಿ ಮತ್ತೆ ಸಿಗಬೇಕು. ಅಷ್ಟು ಅವಕಾಶ ಆ ಒಂದು ಪಾಠದಲ್ಲಿಲ್ಲ.

ಅವಕಾಶ ಸಿಗುವುದು ಒಂದೇ ವಿಷಯದಲ್ಲಿ ಬಹಳ ಹೊತ್ತು ನಿಂತು ಓದಿದಾಗ. ವಿಷಯವೂ ಕನ್ನಡದಲ್ಲಿ ಮೊದಲೇ ಗೊತ್ತಿರುವಂಥದ್ದಾಗಿರಬೇಕು. ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಮನೆಯ ಹುಡುಗನಿಗೆ ಪಶ್ಚಿಮ ಘಟ್ಟದ ಸಂರಕ್ಷಣೆಯ ವಿವಾದವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ, 2013ರ ಕಸ್ತೂರಿರಂಗನ್ ವರದಿ ಎರಡರ ಬಗ್ಗೆಯೂ ಊರಿನ ಸಭೆಗಳಲ್ಲಿ, ಕನ್ನಡ ಪತ್ರಿಕೆಗಳಲ್ಲಿ ಅವನು ಕೇಳಿರುತ್ತಾನೆ, ಓದಿರುತ್ತಾನೆ. ಅದೇ ವರದಿಗಳ ಆಯ್ದ ಪುಟಗಳನ್ನು, ಅವನ್ನು ಒಪ್ಪಿದ ಮತ್ತು ವಿರೋಧಿಸಿದ ಇಂಗ್ಲಿಷ್ ಲೇಖನಗಳನ್ನು ಅವನ ಕೈಗೆ ಕೊಟ್ಟರೆ 'ರೆಗ್ಯುಲೇಟ್', 'ಇಂಪ್ಯಾಕ್ಟ್', 'ಕ್ರೈಟೀರಿಯಾ', 'ಪ್ರೊಹಿಬಿಟ್', 'ಇಂಪ್ಲಿಮೆಂಟ್' ಪದಗಳು ಕರೆಯದೆಯೇ ಬರುತ್ತವೆ. ಗಣಿಗಾರಿಕೆಯನ್ನು 'ಪ್ರೊಹಿಬಿಟ್' ಮಾಡುವುದಕ್ಕೂ 'ರೆಗ್ಯುಲೇಟ್' ಮಾಡುವುದಕ್ಕೂ ಇರುವ ಅಂತರ ಅವನ ಪಾಲಿಗೆ ನಿಘಂಟಿನ ಸಾಲಲ್ಲ. ತನ್ನ ತೋಟದ ಆಚೆಗಿನ ಗುಡ್ಡದ ಪ್ರಶ್ನೆ. ವಿಷಯ ತಿಳಿದಿರುವುದರಿಂದ ಗೊತ್ತಿಲ್ಲದ ಪದವನ್ನು ಊಹಿಸುವ ಧೈರ್ಯವೂ ಬರುತ್ತದೆ. ರಾಮನಗರದವರಿಗೆ ರೇಷ್ಮೆ, ಮಂಡ್ಯದವರಿಗೆ ಕಾವೇರಿ ತೀರ್ಪು ಹೀಗೇ ಒದಗಬಲ್ಲವು.

ಇದಕ್ಕೊಂದು ಆಕ್ಷೇಪವಿದೆ, ಹಗುರವಾದದ್ದೂ ಅಲ್ಲ. ಐಇಎಲ್‌ಟಿಎಸ್ ಅಕಾಡೆಮಿಕ್ ಓದಿನ ಪರೀಕ್ಷೆಯಲ್ಲಿ 60 ನಿಮಿಷಕ್ಕೆ ಮೂರು ಗದ್ಯಭಾಗ, 40 ಪ್ರಶ್ನೆ. ವಿಷಯ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ಘಟ್ಟದ ಬಗ್ಗೆ ಮಾತ್ರ ಓದಿದವರು ಅಲ್ಲಿ ಪ್ರಾಚೀನ ಮಡಕೆಗಳ ಲೇಖನ ಬಂದರೆ ತಡವರಿಸುತ್ತಾರೆ. ನಿಜ. ಅದಕ್ಕೇ ಮೊದಲ ವಿಷಯ ಕೈವಶವಾದ ಮೇಲೆ ಎರಡನೆಯದಕ್ಕೆ ದಾಟಬೇಕು, ಈ ಬಾರಿ ಅಷ್ಟು ಪರಿಚಯವಿಲ್ಲದ್ದಕ್ಕೆ. ಅಲ್ಲಿನ ತಾಂತ್ರಿಕ ಪದಗಳು ಹೊಸವಾಗಿದ್ದರೂ 'ಅಸ್ಯೂಮ್', 'ವೇರಿ', 'ಡಿರೈವ್' ಹಳೆಯವೇ. ಕಾಕ್ಸ್‌ಹೆಡ್ ಆ ಪದಗಳನ್ನು ಆರಿಸಿದ್ದೂ ಅವು ನಾಲ್ಕೂ ವಿಭಾಗಗಳಲ್ಲಿ ತಿರುಗಾಡುತ್ತವೆ ಎಂಬ ಕಾರಣಕ್ಕೇ.