ಗಂಜಿ ತಿಳಿಯಾಗುವ ಪಾಠ

ಅಕ್ಕನ ಮಗಳು ಅಮೆರಿಕದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದವಳು ಅಲ್ಲಿ ಇಲ್ಲಿ ಸುತ್ತಾಡಿ ಕೊನೆಗೆ ವಿಷಯಕ್ಕೆ ಬಂದಳು. "ಮಾಮಾ, ಬಿಯರ್ ಮಾಡೋದನ್ನ ಮೈನರ್ ಆಗಿ ತಗೊಂಡಿದೀನಿ. ಅಮ್ಮಂಗೆ ನೀನೇ ಹೇಳ್ಬೇಕು." ಅವಳಿಗೆ ಈ ರುಚಿ ಹತ್ತಿಸಿದ್ದು ನಾನೇ ಅಂತ ಅಕ್ಕನ ನಂಬಿಕೆ. ಹಾಗಾಗಿ ಉತ್ತರ ಕೊಡಬೇಕಾದವನೂ ನಾನೇ. ಈ ವಾರದ ಅಂಕಣವನ್ನು ಅದಕ್ಕೇ ಎತ್ತಿಟ್ಟಿದ್ದೇನೆ.

ಅಲ್ಲಿನ ಪದವಿಯಲ್ಲಿ ಮುಖ್ಯ ವಿಷಯ ಒಂದಿರುತ್ತದೆ, ಅದು ಮೇಜರ್. ಅದರ ಜೊತೆಗೆ ಐದಾರು ಕೋರ್ಸುಗಳಷ್ಟು ಇನ್ನೊಂದು ವಿಷಯ ಓದಬಹುದು, ಅದು ಮೈನರ್. ಕೆಲವು ವಿಶ್ವವಿದ್ಯಾಲಯಗಳು ಬಿಯರ್ ತಯಾರಿಕೆಯನ್ನೋ ಹುದುಗುವಿಕೆಯ ವಿಜ್ಞಾನವನ್ನೋ ಹೀಗೆ ಮೈನರ್ ಆಗಿ ಕಲಿಸುತ್ತವೆ. ಬ್ರೂವರ್ ಆಗಲೇಬೇಕು ಅನ್ನುವವರಿಗೆ ದೊಡ್ಡ ವಿದ್ಯಾಲಯಗಳು ಬೇರೆ ಇವೆ. ಮ್ಯೂನಿಕ್ ಹತ್ತಿರದ ವೈಹೆನ್‌ಸ್ಟೆಫಾನ್, ಎಡಿನ್‌ಬರೋದ ಹೆರಿಯಟ್-ವಾಟ್, ಕ್ಯಾಲಿಫೋರ್ನಿಯಾದ ಡೇವಿಸ್. ಅವುಗಳ ಮೇಲೆ ನನಗೆ ಗೌರವ. ಪ್ರೀತಿ ಮಾತ್ರ ಮೈನರ್ ಮೇಲೆ. ಯಾಕೆಂದರೆ ಬಿಯರಿನ ಚರಿತ್ರೆಯಲ್ಲಿ ದೊಡ್ಡ ತಿರುವು ಕೊಟ್ಟವರಲ್ಲಿ ಹಲವರು ಬೇರೆ ವಿದ್ಯೆಯೊಂದನ್ನು ಕಲಿತು ಬ್ರೂವರಿಯ ಬಾಗಿಲು ದಾಟಿದವರು.

ವಿಲಿಯಂ ಸೀಲಿ ಗಾಸೆಟ್ ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಸೇರಿದ. ಅವನ ಮುಂದಿದ್ದ ತೊಡಕು ಇದು: ಬಾರ್ಲಿಯ ಎರಡು ತಳಿಗಳಲ್ಲಿ ಯಾವುದು ಮೇಲು ಅಂತ ನೋಡಬೇಕು, ಕೈಯಲ್ಲಿರುವುದು ನಾಲ್ಕೈದು ಮಡಿಗಳ ಲೆಕ್ಕ ಮಾತ್ರ. ಸಾವಿರಾರು ಅಳತೆಗಳಿದ್ದರೆ ನಡೆಯುವ ಗಣಿತ ಆಗಲೇ ಇತ್ತು. ನಾಲ್ಕೈದಕ್ಕೆ ಇರಲಿಲ್ಲ. ಆ ಗಣಿತವನ್ನು ಅವನೇ ಕಟ್ಟಿದ. ಕಂಪನಿಯವರು ನೌಕರರ ಹೆಸರಿನಲ್ಲಿ ಪ್ರಬಂಧ ಅಚ್ಚಾಗಲು ಬಿಡುತ್ತಿರಲಿಲ್ಲ, ಹಾಗಾಗಿ 1908ರಲ್ಲಿ ಅದು 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಬಂತು. ಇವತ್ತು ಔಷಧಿಯ ಪ್ರಯೋಗದಿಂದ ಹಿಡಿದು ಕೃಷಿ ವಿಶ್ವವಿದ್ಯಾಲಯದ ತಾಕಿನವರೆಗೆ ಎಲ್ಲರೂ ಬಳಸುವ 'ಟಿ' ಪರೀಕ್ಷೆ ಅದೇ. ಅಕ್ಕನ ಮಗಳು ಅದನ್ನು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದಾಳೆ. ಅದು ಬಾರ್ಲಿ ಹೊಲದಿಂದ ಎದ್ದು ಬಂದದ್ದು ಅಂತ ಅವಳಿಗೆ ಗೊತ್ತಾಗಿದ್ದು ಈ ಮೈನರ್ ತರಗತಿಯಲ್ಲಿ.

ಅವಳ ಮೊದಲ ಪ್ರಾಯೋಗಿಕ ಪರೀಕ್ಷೆಯ ಕಥೆ ಕೇಳಿ ನನಗೆ ಮೈ ಜುಮ್ಮೆಂದಿತು. ಒಬ್ಬೊಬ್ಬರ ಮುಂದೆ ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು, ಹೇಳಬೇಕು. ಇದಕ್ಕೆ ತ್ರಿಕೋನ ಪರೀಕ್ಷೆ ಅಂತ ಹೆಸರು. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲೊಂದು ಸಲ ಸರಿಯಾಗಿಬಿಡುತ್ತದೆ. ಇಪ್ಪತ್ನಾಲ್ಕು ಜನ ಕೂತರೆ ಎಂಟು ಜನ ಬರೀ ಅದೃಷ್ಟದಿಂದ ಗೆಲ್ಲಬಹುದು. ಕನಿಷ್ಠ 13 ಜನ ಸರಿ ಹೇಳಿದರೆ ಮಾತ್ರ ಎರಡು ಬಿಯರ್‌ಗಳಿಗೆ ನಿಜವಾಗಿ ವ್ಯತ್ಯಾಸವಿದೆ ಅಂತ ಒಪ್ಪಬಹುದು. ನಾಲಿಗೆ ಮತ್ತು ಗಣಿತ ಇಷ್ಟು ಹತ್ತಿರ ಕೂತ ಇನ್ನೊಂದು ಮೇಜು ನಾನು ಕಂಡಿಲ್ಲ. ಬೇರೆ ಲೋಟದಲ್ಲಿದ್ದದ್ದು ಡೈಅಸಿಟೈಲ್ ಬೆರೆಸಿದ ಬಿಯರ್, ಬೆಣ್ಣೆಯ ವಾಸನೆ. ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರಪಟ್ಟು ತಣ್ಣಗೆ ಮಾಡಿದರೆ ಈ ವಾಸನೆ ಉಳಿದುಬಿಡುತ್ತದೆ. ಬೆಂಗಳೂರಿನಲ್ಲೂ ನಾನು ಎಷ್ಟೋ ಲೋಟ ಇದೇ ಕಾರಣಕ್ಕೆ ಹಿಂದಕ್ಕೆ ಕಳಿಸಿದ್ದೇನೆ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಹೆಸರು ಎತ್ತದೆ ಇಂಥ ಯಾವ ಪಾಠವೂ ಮುಗಿಯಬಾರದು. ಬ್ರೂವರಿಯ ಒಡೆಯ ಯಾಕಬ್‌ಸನ್ 1875ರಲ್ಲಿ ಅದನ್ನು ತೆರೆದ. ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚಾದರೆ ಬಿಯರ್ ಮಬ್ಬಾಗುತ್ತದೆ. ಎಷ್ಟಿದೆ ಅಂತ ಅಳೆಯಲು ಯೋಹಾನ್ ಕ್ಜೆಲ್ಡಾಲ್ 1883ರಲ್ಲಿ ಒಂದು ವಿಧಾನ ಕಂಡುಹಿಡಿದ. ಕಾಳಿನ, ಹಾಲಿನ ಪ್ರೋಟೀನನ್ನು ಇವತ್ತಿಗೂ ಆ ವಿಧಾನದಲ್ಲೇ ಅಳೆಯುತ್ತಾರೆ. ಅದೇ ವರ್ಷ, ಅದೇ ಕಟ್ಟಡದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶದಿಂದ ಇಡೀ ಬೆಳೆಯನ್ನು ಬೆಳೆಸಿದ. ಬಿಯರ್ ಕೆಡಲು ಕಾಡು ಯೀಸ್ಟ್ ಕಾರಣ ಅಂತ ಸಾಧಿಸಿದ. ಯಾಕಬ್‌ಸನ್ ಆ ಶುದ್ಧ ಯೀಸ್ಟನ್ನು ಬೀಗ ಹಾಕಿ ಇಡದೆ ಬೇರೆ ಬ್ರೂವರಿಗಳಿಗೂ ಹಂಚಿದ. ಈ ಒಂದು ಕೆಲಸಕ್ಕಾಗಿಯೇ ಅವನಿಗೆ ನಾನು ಕೈಮುಗಿಯುತ್ತೇನೆ. 1909ರಲ್ಲಿ ಅಲ್ಲಿಯೇ ಸೊರೆನ್ಸನ್ ಪಿಎಚ್ ಅಳತೆಯನ್ನು ಕೊಟ್ಟ. ಮಣ್ಣಿನ ಪರೀಕ್ಷೆಗೆ ಹೋಗುವ ನಮ್ಮ ರೈತನ ಚೀಟಿಯಲ್ಲಿ ಬರೆದಿರುವುದೂ ಅದೇ ಪಿಎಚ್.

ಹಾನ್ಸೆನ್ ಬೇರ್ಪಡಿಸಿದ ಲಾಗರ್ ಯೀಸ್ಟ್ ಒಂದು ಮಿಶ್ರತಳಿ. ಹೆತ್ತವರಲ್ಲಿ ಒಬ್ಬರ ಗುರುತು ಗೊತ್ತಿತ್ತು, ಇನ್ನೊಬ್ಬರದು ಗೊತ್ತಿರಲಿಲ್ಲ. 2011ರಲ್ಲಿ ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ಪಟಗೋನಿಯಾದ ಕಾಡಿನ ಮರಗಳ ಮೇಲೆ. ಅದು ಲಾಗರ್ ಮಾಡುತ್ತಿದ್ದ ಬವೇರಿಯಾದ ತಣ್ಣನೆಯ ನೆಲಮಾಳಿಗೆಗೆ ಹೇಗೆ ಬಂತು ಅನ್ನುವ ಪ್ರಶ್ನೆ ಜೀವಶಾಸ್ತ್ರದವರನ್ನೂ ಇತಿಹಾಸದವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದೆ. ಆಮೇಲೆ ಅದು ಟಿಬೆಟ್ಟಿನಲ್ಲೂ ಐರ್ಲೆಂಡಿನಲ್ಲೂ ಕಂಡಿದೆ.

ಇತಿಹಾಸದ ಬೆಂಚು ಖಾಲಿ ಇದ್ದರೆ ಆ ಮೈನರ್ ಅರೆಬೆಂದದ್ದು ಅಂತಲೇ ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 1300ರ ಸುಮಾರಿಗೆ ಮನೆಮನೆಯಲ್ಲಿ ಏಲ್ ಕಾಯಿಸಿ ಮಾರುತ್ತಿದ್ದವರು ಹೆಂಗಸರು. 1600ರ ಹೊತ್ತಿಗೆ ಆ ಕಸುಬು ಗಂಡಸರ ಪಾಲಾಗಿತ್ತು. ಜೂಡಿತ್ ಬೆನೆಟ್ 1996ರ ತಮ್ಮ ಪುಸ್ತಕದಲ್ಲಿ ಇದನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಹಾಪ್ಸ್ ಅನ್ನುವ ಕಹಿ ಹೂವು ಹಾಕದ ಏಲ್ ನಾಲ್ಕಾರು ದಿನಕ್ಕೆ ಹುಳಿಯುತ್ತಿತ್ತು, ಹಾಗಾಗಿ ಅದು ಸಣ್ಣ ಕೈಗಳ ಕೆಲಸ. ಹಾಪ್ಸ್ ಬಂದಮೇಲೆ ಬಿಯರ್ ಕೆಡದೆ ನಿಂತಿತು, ದೂರ ಸಾಗಿತು. ದೊಡ್ಡ ಹಂಡೆ, ದೊಡ್ಡ ಬಂಡವಾಳ ಬೇಕಾಯಿತು. ಹೆಂಗಸರ ಕೈಗೆ ಸಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಒಂದು ಹೂವಿನ ಕಹಿ ಸಾವಿರಾರು ಮನೆಗಳ ಆದಾಯ ಕಸಿದ ಈ ಕಥೆ ರಸಾಯನಶಾಸ್ತ್ರದ ಪುಸ್ತಕದಲ್ಲಿ ಸಿಗುವುದಿಲ್ಲ.

ಇತಿಹಾಸ ಪುಸ್ತಕದಲ್ಲಷ್ಟೇ ಅಲ್ಲ, ಗೋಡೆಗಳಲ್ಲೂ ಉಳಿಯುತ್ತದೆ. ಅಮೆರಿಕದ ಡೆನ್ವರ್ ಊರಿನಲ್ಲಿ ಮೂರು ಉನ್ನತ ಶಿಕ್ಷಣ ಸಂಸ್ಥೆಗಳು ಹಂಚಿಕೊಂಡ ಒಂದು ಆವರಣವಿದೆ, ಆರೇರಿಯಾ ಅಂತ. ಅಲ್ಲಿನ ವಿದ್ಯಾರ್ಥಿ ಭವನ ಹಿಂದೆ ಟಿವೊಲಿ ಬ್ರೂವರಿಯಾಗಿತ್ತು. 1965ರ ಪ್ರವಾಹದಲ್ಲಿ ಪೆಟ್ಟು ತಿಂದು 1969ರಲ್ಲಿ ಬಾಗಿಲು ಹಾಕಿತು. ಕಟ್ಟಡವನ್ನು ಕೆಡವಲಿಲ್ಲ. ಬ್ರೂವರಿಯ ಗೋಡೆಗಳ ನಡುವೆ ಈಗ ಹುಡುಗ ಹುಡುಗಿಯರು ಊಟ ಮಾಡುತ್ತಾರೆ, ಓದುತ್ತಾರೆ. ನಮ್ಮ ಬೆಂಗಳೂರಿನಲ್ಲೂ 1885ರಷ್ಟು ಹಿಂದೆಯೇ ಬ್ರೂವರಿ ಇತ್ತು. 1915ರಲ್ಲಿ ಥಾಮಸ್ ಲೀಷ್‌ಮನ್ ದಕ್ಷಿಣದ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಬ್ರೂವರಿ ಇದ್ದ ಆ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಅಲ್ಲಿ ಒಂದು ಹಳೆಯ ಹಂಡೆ, ಒಂದು ಗೋಡೆ, ಕೂತು ಓದುವಂಥ ಒಂದು ಮೂಲೆ ಉಳಿದಿದ್ದರೆ ಎಂದು ಆ ರಸ್ತೆಯಲ್ಲಿ ಹೋದಾಗಲೆಲ್ಲ ಮನಸ್ಸು ಹಿಂಡುತ್ತದೆ.

ಅಕ್ಕನ ಭಯ ಬೇರೆ, ಕುಡಿತದ್ದು. ಅದು ಸಣ್ಣದಲ್ಲ. ಸಾರಾಯಿ ಅಂಗಡಿಯ ಮುಂದೆ ಹೆಂಗಸರು ಬೀದಿಗಿಳಿದು ಕೂತ ನಾಡು ನಮ್ಮದು. 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಮದ್ಯ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಬಿಯರ್ ಓದುವವರು ಮೊದಲ ತಿಂಗಳಲ್ಲೇ ಇದನ್ನು ಓದಬೇಕು. ಅಮೆರಿಕದಲ್ಲಿ ಕುಡಿಯಲು 21 ತುಂಬಿರಬೇಕು. ಆದರೆ ಮೂಗು ನಾಲಿಗೆ ಪಳಗಬೇಕಾದ್ದು ಅದಕ್ಕೂ ಮೊದಲು. ಹಾಗಾಗಿ ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ತಿದ್ದಿ, ಇಂಥ ಪದವಿ ಓದುವ 18 ತುಂಬಿದವರು ತರಗತಿಯಲ್ಲಿ ರುಚಿ ನೋಡಿ ಉಗುಳಬಹುದು, ನುಂಗಬಾರದು ಎಂದಿತು. ಬಿಯರಿನ ಕಹಿ ಪೂರ್ತಿ ತೆರೆದುಕೊಳ್ಳುವುದು ನುಂಗಿದ ಮೇಲೇ ಅನ್ನುವವನು ನಾನು. ಆದರೂ ಈ ಕಟ್ಟಳೆ ಸರಿ.

ಇಷ್ಟೆಲ್ಲ ಅಕ್ಕನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನ್ನಿಸಿ ಭಾನುವಾರ ಮೈಸೂರಿಗೆ ಹೋದೆ. ಜೊತೆಗೆ ಥರ್ಮಾಮೀಟರ್, ಒಂದು ಸಣ್ಣ ಶೀಶೆ ಟಿಂಚರ್ ಅಯೋಡಿನ್. ಅಕ್ಕನ ಮನೆಯಲ್ಲಿ ಮೊಮ್ಮಗನಿಗೆ ಸರಿ ಮಾಡಲು ಮೊಳಕೆ ರಾಗಿ ಹಿಟ್ಟು ಯಾವಾಗಲೂ ಡಬ್ಬಿಯಲ್ಲಿರುತ್ತದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಬಂದಮೇಲೆ ಬಿಸಿಲಿಗೆ ಒಣಗಿಸಿ, ಮೊಳಕೆ ಉಜ್ಜಿ ಕೇರಿ ಬೀಸಿಸಿದ್ದು. ಬ್ರೂವರಿಯವರು ಬಾರ್ಲಿಗೆ ಮಾಡುವುದೂ ಇದನ್ನೇ, ಅದಕ್ಕೆ ಮಾಲ್ಟ್ ಅಂತಾರೆ. ಜೋರಾಗಿ ಹುರಿದರೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಒಳಗಿನ ಅಮೈಲೇಸ್ ಕಿಣ್ವ ಸಾಯುತ್ತದೆ, ಅಕ್ಕ ಹುರಿಯುವುದಿಲ್ಲ.

ಸಾದಾ ರಾಗಿ ಹಿಟ್ಟಿನಲ್ಲಿ ಸೌಟು ನಿಲ್ಲುವಷ್ಟು ಗಟ್ಟಿ ಗಂಜಿ ಕಾಯಿಸಿದೆವು. ಒಲೆಯಿಂದ ಇಳಿಸಿ ಕಾದೆವು. ಒಂದು ಹನಿ ಬಿಳಿ ತಟ್ಟೆಗೆ ಹಾಕಿ ನೀರು ಸೇರಿಸಿ ಅಯೋಡಿನ್ ಬಿಟ್ಟರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಪಿಷ್ಟ ಹಾಗೇ ಇದೆ. 65 ಡಿಗ್ರಿಗೆ ಇಳಿದಾಗ ಮೊಳಕೆ ಹಿಟ್ಟು ಎರಡು ಚಮಚ ಹಾಕಿ ತಿರುವಿದೆವು. ಬ್ರೂವರಿಯಲ್ಲಿ ಇಲ್ಲೇ ಕೈಚಳಕ: 62–65ರಲ್ಲಿ ನಿಂತರೆ ಯೀಸ್ಟ್ ತಿನ್ನುವಂಥ ಸಕ್ಕರೆ ಹೆಚ್ಚು, ಬಿಯರ್ ತೆಳು, 70ರ ಹತ್ತಿರ ಹೋದರೆ ಬಾಯಿ ತುಂಬುವ ಬಿಯರ್. ಐದು ನಿಮಿಷವಾಗಿರಲಿಲ್ಲ, ಸೌಟು ಪಕ್ಕಕ್ಕೆ ವಾಲಿತು. ಗಂಜಿ ಪಾನಕದ ಹಾಗೆ ಹರಿಯತೊಡಗಿತು. ಹಸುಳೆಯ ಹೊಟ್ಟೆಗೆ ಹೆಚ್ಚು ಹಿಟ್ಟು ತೆಳುವಾಗಿ ಸೇರಲಿ ಅಂತ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮಾಲ್ಟ್ ಮಾಡಿದ ರಾಗಿಯ ಆಹಾರದ ಮೇಲೆ ದುಡಿದದ್ದೂ ಇದೇ ಮೈಸೂರಿನಲ್ಲಿ. ಪಾತ್ರೆಗೆ ಟವೆಲ್ ಸುತ್ತಿಟ್ಟು, ಒಂದು ಗಂಟೆ ಬಿಟ್ಟು ಸೋಸಿದ ನೀರಿನ ಒಂದು ಹನಿಗೆ ತಟ್ಟೆಯಲ್ಲಿ ಅಯೋಡಿನ್ ಹಾಕಿದೆ. ಆ ಕಡುನೀಲಿ ಇರಲಿಲ್ಲ, ಕೆಂಪುಕಂದು.

ಅಕ್ಕ ಪಾತ್ರೆಯಲ್ಲಿದ್ದ ಗಂಜಿಗೆ ಬೆರಳದ್ದಿ ನಾಲಿಗೆಗಿಟ್ಟಳು.

"ಬೆಲ್ಲ ಹಾಕಿದ್ಯೇನೋ?"

"ಇಲ್ಲ ಕಣಕ್ಕ."

ಇನ್ನೊಂದು ಸಲ ಬೆರಳದ್ದಿದಳು. ಮಗಳ ತರಗತಿಯ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಏನೂ ಅನ್ನಲಿಲ್ಲ. ನಾನು ಹೊರಡುವಾಗ ಬಾಗಿಲ ತನಕ ಬಂದು, "ಆ ಥರ್ಮಾಮೀಟರ್ ಇಲ್ಲೇ ಬಿಟ್ಟು ಹೋಗು" ಅಂದಳು.