ಬಲಿಯೇಂದ್ರನ ರಾಜ್ಯ: ನೋವಿಲ್ಲದ ನಾಡಿನ ಜನಪದ ಕಲ್ಪನೆ

ದುಃಖವೇ ಇಲ್ಲದ ಸಮಾಜದ ಕಲ್ಪನೆ ಶಿಷ್ಟ ಸಾಹಿತ್ಯದ ಸೊತ್ತು ಮಾತ್ರವಲ್ಲ. ಪುತ್ತೂರು, ಸುಳ್ಯ ಹಾಗೂ ಇಂದು ಪ್ರತ್ಯೇಕ ತಾಲೂಕಾಗಿರುವ ಕಡಬದ ಕೃಷಿಕ ಮನೆಗಳಲ್ಲಿ ದೀಪಾವಳಿಯಂದು ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಕಾಡುಹೂಗಳಿಂದ ಸಿಂಗರಿಸಿ, ದೀಪವಿಟ್ಟು ಬಲಿಯೇಂದ್ರನನ್ನು ಕೂಗಿ ಕರೆಯುವ ಆಚರಣೆಯ ಹಿಂದೆಯೂ ಅಂಥದೇ ಕಲ್ಪನೆಯಿದೆ. ಈ ಸಂದರ್ಭದ ತುಳು ಹಾಡನ್ನು ಮಲಯಾಳದ ಮಾವೇಲಿ ಹಾಡಿನೊಡನೆ ಇಟ್ಟು ನೋಡಿದಾಗ ಕಾಣುವ ವ್ಯತ್ಯಾಸ ವಿವೇಚನೆಗೆ ಅರ್ಹವಾದುದು.

ಮಾವೇಲಿ ಹಾಡು ಆದರ್ಶ ರಾಜ್ಯವನ್ನು ನೇರವಾಗಿ ವರ್ಣಿಸುತ್ತದೆ. ಅಲ್ಲಿ ಸುಳ್ಳಿಲ್ಲ, ಮೋಸವಿಲ್ಲ, ಕಳ್ಳ ಅಳತೆಯಿಲ್ಲ, ಎಳೆಯ ಮಕ್ಕಳ ಸಾವಿಲ್ಲ. ಒಟ್ಟಿನಲ್ಲಿ ಅದು ‘ಇಲ್ಲ’ಗಳಿಂದ ಕಟ್ಟಿದ ನಾಡು. ತುಳು ಹಾಡಿಗೆ ಆ ವರ್ಣನೆಯಲ್ಲಿ ಆಸಕ್ತಿಯಿಲ್ಲ. ಅದರ ಕಲ್ಪನೆಯೆಲ್ಲ ವ್ಯಯವಾಗುವುದು ಬಲಿ ಮರಳಿ ಬರುವ ದಿನದ ಅಸಾಧ್ಯ ಲಕ್ಷಣಗಳ ಮೇಲೆ: ಉಪ್ಪು ಕರ್ಪೂರವಾಗಬೇಕು, ಉದ್ದಿನ ಕಾಳು ಮದ್ದಳೆಯಾಗಬೇಕು, ಬಿಳಿಗಲ್ಲು ಹೂ ಬಿಡಬೇಕು, ನೆಕ್ಕಿ ಗಿಡದಡಿಯಲ್ಲಿ ಆಟ ನಡೆಯಬೇಕು. ಮೊಣಕಾಲೆತ್ತರದ ತುಂಬೆ ಗಿಡದ ಕೆಳಗೆ ಕೂಟ ಸೇರುವ ಚಿತ್ರದಲ್ಲಿ ವಿಷಾದಕ್ಕಿಂತ ವಿನೋದವೇ ಹೆಚ್ಚು.

ಈ ಷರತ್ತುಗಳನ್ನು ಭೂಮಿ ಕಳೆದುಕೊಂಡವನಿಗಾದ ಎರಡನೆಯ ವಂಚನೆ ಎಂದು ಓದಬಹುದು. ಆ ಓದಿಗೆ ಆಧಾರವೂ ಇದೆ. ಆದರೆ ಹಾಡುವವರು ಷರತ್ತು ಈಡೇರಲೆಂದು ಕಾಯುವುದಿಲ್ಲ. ಪೂರ್ಣ ರಾಜ್ಯವನ್ನು ಅಸಾಧ್ಯದ ಆಚೆಗಿಟ್ಟು, ಮೂರು ದಿನದ ಅತಿಥಿಯನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಾರೆ.

ಇದೇ ಪರಿಸರದ ದೈವಗಳ ಪಾಡ್ದನಗಳನ್ನು ಗಮನಿಸಿದರೆ ಈ ಎಚ್ಚರದ ಅರ್ಥ ಸ್ಪಷ್ಟವಾಗುತ್ತದೆ. ಪಡುಮಲೆಯಲ್ಲಿ ಬಲ್ಲಾಳನ ಮಾತು ಉಳಿದಿದ್ದರೆ, ಗದ್ದೆಯ ನೀರಿಗೆ ಜಗಳವಾಗದಿದ್ದರೆ ಕೋಟಿ ಚೆನ್ನಯರು ಎಣ್ಮೂರಿನವರೆಗೆ ಹೋಗುತ್ತಿರಲಿಲ್ಲ, ಗರಡಿಗಳೂ ಏಳುತ್ತಿರಲಿಲ್ಲ. ಅನ್ಯಾಯವಿಲ್ಲದ ನಾಡಿನಲ್ಲಿ ದೈವದ ಮುಂದೆ ದೂರು ಹೇಳುವವರಾರು?

ಇಲ್ಲಿಂದ ‘ನೋವೇ ಜನಪದದ ಬೇರು, ಅದಿಲ್ಲದ ಬದುಕು ಬರಡು’ ಎಂಬ ತೀರ್ಮಾನಕ್ಕೆ ಜಿಗಿಯುವುದು ಸುಲಭ. ಜಾನಪದ ಅಧ್ಯಯನದಲ್ಲಿ ಈ ಜಿಗಿತ ಅಪರೂಪವೂ ಅಲ್ಲ. ನೋವು ಹಾಡಿಗೆ ವಸ್ತುವಾಗಬಹುದು. ಹಾಡುವವಳಿಗೆ ಅದು ನೋವೇ. ಮಳೆಯಲ್ಲಿ ಬೆನ್ನು ಬಾಗಿಸಿ ನೇಜಿ ನೆಟ್ಟವರು ಕೂಲಿಗಾಗಿ ನೆಟ್ಟರು, ಸಂಗ್ರಾಹಕರ ಧ್ವನಿಸುರುಳಿಗಾಗಿ ಅಲ್ಲ. ಅವರ ಕಷ್ಟಕ್ಕೆ ಕಲೆಯ ಹೆಸರಿನಲ್ಲಿ ಬೆಲೆ ಕಟ್ಟುವುದು ಗೇಣಿ ಅಳೆಯಿಸಿಕೊಳ್ಳುವವನ ದೃಷ್ಟಿಗೆ ತೀರ ಹತ್ತಿರವಾದುದು.

ಗೇಣಿಯ ವಿಷಯದಲ್ಲಿ ಚರಿತ್ರೆಯೇ ಒಂದು ಪರೀಕ್ಷೆ ನಡೆಸಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಅಸಂಖ್ಯ ಒಕ್ಕಲುಗಳು ಭೂಮಿಯ ಒಡೆಯರಾದರು. ಉಪ್ಪು ಕರ್ಪೂರವಾಗಲಿಲ್ಲ, ಒಂದು ಬಗೆಯ ನೋವು ಮಾತ್ರ ಕಾನೂನಿನಿಂದ ತಗ್ಗಿತು. ಅದರಿಂದ ಬದುಕು ಬರಡಾಯಿತೆಂದು ಆ ಒಕ್ಕಲುಗಳಾರೂ ದೂರಲಿಲ್ಲ, ಬಲಿಯನ್ನು ಕರೆಯುವುದನ್ನೂ ಬಿಡಲಿಲ್ಲ. ಅನೇಕ ಕಡೆ ಗದ್ದೆ ಹೋಗಿ ಅಡಿಕೆ ತೋಟ ಬಂದಿದೆ. ಗದ್ದೆಯ ಹುಣಿಯಲ್ಲಿ ಇಡುತ್ತಿದ್ದ ದೀಪವನ್ನು ಈಗ ತೋಟದ ಬದಿಯಲ್ಲಿಟ್ಟು, ಅದೇ ‘ಕೂ’ ಹಾಕುತ್ತಾರೆ.