ಭಾಷೆಯೂ ಜನ್ಮವೂ: ಕಿಟ್ಟೆಲರ ನಿಘಂಟನ್ನು ಕುರಿತು

ಕನ್ನಡವು ಯಾರದು ಎಂದು ಕೇಳಿದರೆ, ಕನ್ನಡದ ಮನೆಯಲ್ಲಿ ಹುಟ್ಟಿದವರದು ಎಂದು ಥಟ್ಟನೆ ಹೇಳುವವರುಂಟು. ಈ ಉತ್ತರವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಲು ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಒಳ್ಳೆಯ ಒರೆಗಲ್ಲು.

ಕಿಟ್ಟೆಲರು 1832ರಲ್ಲಿ ಜರ್ಮನ್ ನಾಡಿನಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಇಲ್ಲಿಗೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದ ಮೇಲೆ, 1894ರಲ್ಲಿ ಮಂಗಳೂರಿನಲ್ಲಿ ಈ ಮಹಾಗ್ರಂಥವನ್ನು ಅಚ್ಚುಹಾಕಿಸಿದರು. ಸುಮಾರು 70,000 ಶಬ್ದಗಳು ಇದರಲ್ಲಿವೆ. ಹಳಗನ್ನಡ ಕವಿಗಳ ಪ್ರಯೋಗಕ್ಕೆ ಕೊಟ್ಟ ಮನ್ನಣೆಯನ್ನೇ ಹಳ್ಳಿಯ ಗಾದೆಗೂ ಸಂತೆಯ ಮಾತಿಗೂ ಕೊಟ್ಟಿರುವುದು ಈ ಗ್ರಂಥದ ಪರಮ ಗುಣ. ನಮ್ಮ ಪಂಡಿತರಲ್ಲಿ ಅನೇಕರು ಗ್ರಾಮ್ಯವೆಂದು ತಳ್ಳಿದುದನ್ನು ಪರದೇಶದವರೊಬ್ಬರು ಕಿವಿಗೊಟ್ಟು ಕೇಳಿ ಬರೆದಿಟ್ಟರು.

ದೋಷಗಳೂ ಇಲ್ಲದಿಲ್ಲ. ಅರ್ಥವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡವೊಂದನ್ನೇ ಬಲ್ಲವನಿಗೆ ಇದರ ಬಾಗಿಲು ತೆರೆಯದು. ಆ ಕೊರತೆಯನ್ನು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ತುಂಬಿತು. ಕಿಟ್ಟೆಲರಿಗೆ ನೆರವಾದ ದೇಶೀಯ ಪಂಡಿತರೂ ಇದ್ದರು. ಲೋಕದ ನಾಲಗೆಯ ಮೇಲೆ ಉಳಿದುದು ಕಿಟ್ಟೆಲರ ಹೆಸರೊಂದೇ. ಇದು ಅವರ ತಪ್ಪೆನ್ನುವುದಕ್ಕಿಂತ ನಮ್ಮ ಮರೆವೆನ್ನುವುದು ಯುಕ್ತ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾವು ಕಿಟ್ಟೆಲರನ್ನು ಹೊಗಳುವುದು ಅವರ ಶ್ರಮಕ್ಕಾಗಿಯೋ, ಅವರ ಬಣ್ಣಕ್ಕಾಗಿಯೋ? ನಮ್ಮ ಬೇಲೂರಿನ ಶಾಸನಗಳನ್ನು ಒಳಗೊಂಡ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಹೊರತಂದ ಬಿ. ಎಲ್. ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದವರು. ಆದರೂ ಅವರನ್ನು ಪರದೇಶೀಯರೆಂದೇ ಎಣಿಸಿ ಬೆರಗಾಗುತ್ತೇವೆ. ಹುಟ್ಟೇ ಪ್ರಮಾಣವೆನ್ನುವವರು ಇಲ್ಲಿ ಹುಟ್ಟನ್ನು ಬಿಟ್ಟು ಮೈಬಣ್ಣವನ್ನು ಹಿಡಿದರಲ್ಲವೆ?

ಮನೆಮಾತೇ ಪ್ರಮಾಣವೆಂಬ ವಾದವೂ ನಿಲ್ಲದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ನಿಸಾರ್ ಅಹಮದರದು ಉರ್ದು. ಇವರನ್ನು ತೆಗೆದಿಟ್ಟರೆ ಹೊಸಗನ್ನಡ ಸಾಹಿತ್ಯವು ಎಷ್ಟು ಬಡವಾದೀತು!

ಹೀಗಿದ್ದರೂ ನಮ್ಮ ನಡತೆ ಬೇರೆಯಾಗಿದೆ. ಬಿಳಿಯ ಮೈಯವನೊಬ್ಬನು ಬೇಲೂರಿನ ಗುಡಿಯ ಮುಂದೆ ನಿಂತು ನಾಲ್ಕು ಮಾತನ್ನು ತಪ್ಪುತಪ್ಪಾಗಿ ಆಡಿದರೂ ಹಿಗ್ಗುತ್ತೇವೆ. ಗೆಂಡೆಹಳ್ಳಿಯ ಕಡೆಯ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಕೂಲಿಗೆ ಬಂದವನ ಮಗುವು ಶಾಲೆಯಲ್ಲಿ ಲಿಂಗವನ್ನೋ ವಿಭಕ್ತಿಯನ್ನೋ ತಪ್ಪಿದರೆ ನಗುತ್ತೇವೆ. ಉರ್ದು ಮನೆಮಾತಿನ ಬಾಲಕನು ಶುದ್ಧವಾಗಿ ಓದಿದರೆ, "ನಿನಗೆ ಕನ್ನಡ ಹೇಗೆ ಬಂತು?" ಎಂದು ಕೇಳುತ್ತೇವೆ. ಆ ಪ್ರಶ್ನೆ ಹೊಗಳಿಕೆಯಂತೆ ಕಂಡರೂ, ನೀನು ನಮ್ಮವನಲ್ಲ ಎಂಬ ಮಾತು ಅದರ ಹೊಟ್ಟೆಯಲ್ಲಿದೆ. ಅವನ ಅಜ್ಜ ಮುತ್ತಜ್ಜಂದಿರು ಈ ಮಣ್ಣಿನಲ್ಲಿಯೇ ಮಲಗಿರಬಹುದೆಂಬುದು ಕೇಳಿದವನಿಗೆ ಹೊಳೆಯುವುದಿಲ್ಲ. ಒಂದು ಸಲ ಹೀಗೆ ನಕ್ಕರೆ ಸಾಕು. ಮಗು ಬಾಯಿ ಮುಚ್ಚಿಕೊಳ್ಳುವುದು, ಭಾಷೆಯು ಒಬ್ಬ ಮಗನನ್ನು ಕಳೆದುಕೊಳ್ಳುವುದು.

ಭಾಷೆಯು ರಕ್ತದಲ್ಲಿ ಹರಿದುಬರುವುದಲ್ಲ. ಕಿವಿಯಿಂದ ಬಂದು ನಾಲಗೆಯಲ್ಲಿ ನೆಲಸುವುದು. ಕಿಟ್ಟೆಲರ ನಿಘಂಟು ಕಲಿಸುವ ದೊಡ್ಡ ಪಾಠವಿದು. ಕಿಟ್ಟೆಲರೂ ಒಂದು ದಿನ ತಪ್ಪುತಪ್ಪಾಗಿಯೇ ಕನ್ನಡವನ್ನು ಆಡಿರಬೇಕು. ಅವರಿಗೆ ನಾಡು ತೋರಿದ ತಾಳ್ಮೆಯನ್ನು ತೋಟದ ಮಗುವಿಗೂ ತೋರುವುದಾದರೆ, ಆ ಮಹನೀಯರಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.